ಬೆಳ್ಗೊಳದ ಶಿಲೆ ಮತ್ತು ಕರ್ಮನಿರ್ಜರೆ

ಶ್ರವಣಬೆಳ್ಗೊಳದ ದೊಡ್ಡಬೆಟ್ಟದ ಮೇಲೆ ಗಂಗರಾಜ ರಾಚಮಲ್ಲನ ಮಂತ್ರಿಯಾದ ಚಾವುಂಡರಾಯನು ಕ್ರಿ. ಶ. 981ರ ಸುಮಾರಿಗೆ ಮಾಡಿಸಿದ ಗೊಮ್ಮಟಮೂರ್ತಿಯ ಎತ್ತರವು ಸುಮಾರು 57 ಅಡಿ. ನೋಡಿದವರು ಈ ಎತ್ತರಕ್ಕೆ ಬೆರಗಾಗುವುದು ಸಹಜವೇ. ಆದರೆ ಆ ಶಿಲೆಯು ಹೇಳುವ ಮಾತು ಬೇರೊಂದಿದೆ.

ಜೈನಸಿದ್ಧಾಂತದಲ್ಲಿ ಕರ್ಮವೆಂದರೆ ಹಣೆಯ ಬರಹವಲ್ಲ. ರಾಗದ್ವೇಷಗಳಿಂದ ಒದ್ದೆಯಾದ ಜೀವಕ್ಕೆ ಧೂಳಿನಂತೆ ಅಂಟಿಕೊಳ್ಳುವ ಸೂಕ್ಷ್ಮವಾದ ಪುದ್ಗಲದ್ರವ್ಯ. ಹೊಸ ಕರ್ಮವು ಒಳಕ್ಕೆ ಬಾರದಂತೆ ತಡೆಯುವುದು ಸಂವರ. ಹಳೆಯದನ್ನು ತಪಸ್ಸಿನಿಂದ ಉದುರಿಸುವುದು ನಿರ್ಜರೆ. ಎಲ್ಲವೂ ಉದುರಿದ ಬಳಿಕ ಜೀವವು ತನ್ನ ಶುದ್ಧಸ್ವರೂಪದಲ್ಲಿ ನೆಲಸುವುದೇ ಮೋಕ್ಷ.

ಬಾಹುಬಲಿಯು ಅಣ್ಣನಾದ ಭರತನನ್ನು ಗೆದ್ದೂ ರಾಜ್ಯವನ್ನು ತೊರೆದು, ಒಂದು ವರ್ಷಕಾಲ ಕಾಯೋತ್ಸರ್ಗದಲ್ಲಿ ನಿಂತನು. ಕಾಲ ಬಳಿ ಹುತ್ತವೆದ್ದಿತು. ತೋಳಿಗೆ ಬಳ್ಳಿ ಹಬ್ಬಿತು. ಆದರೂ ಕೇವಲಜ್ಞಾನವು ಉದಿಸಲಿಲ್ಲ. ಅಣ್ಣನು ತನ್ನಿಂದ ನೊಂದನೆಂಬ ಕೊರಗೊಂದು ಒಳಗೆ ಉಳಿದಿತ್ತೆಂದೂ, ಭರತನೇ ಬಂದು ಪೂಜಿಸಿದಾಗ ಅದು ಕರಗಿತೆಂದೂ ಜಿನಸೇನಾಚಾರ್ಯರ ಆದಿಪುರಾಣವು ಹೇಳುತ್ತದೆ. ರಾಜ್ಯವನ್ನು ಬಿಡುವುದಕ್ಕಿಂತ ಎಳೆಯಷ್ಟು ಸಣ್ಣದಾದ ಈ ಬಂಧವನ್ನು ಬಿಡುವುದು ಕಠಿನ.

ಶಿಲ್ಪಿಯು ಹುತ್ತವನ್ನೂ ಬಳ್ಳಿಯನ್ನೂ ಕಂಡರಿಸಿದ್ದಾನೆ. ಮುಖದಲ್ಲಿ ಮಾತ್ರ ಕೊರಗಿನ ಗುರುತಿಲ್ಲ. ಆತನು ಬೆಟ್ಟದ ನೆತ್ತಿಯ ಬಂಡೆಗೆ ಏನನ್ನೂ ಸೇರಿಸಿದವನಲ್ಲ. ಬೇಡದುದನ್ನು ಕಡಿದು ತೆಗೆದವನು. ನಿರ್ಜರೆಯ ಕ್ರಮವೂ ಇದೇ.

ಇದು ಪುರಾಣದ ಮಾತಾಗಿಯೇ ಉಳಿಯಲಿಲ್ಲ. ಎದುರಿನ ಚಿಕ್ಕಬೆಟ್ಟದಲ್ಲಿ, ಮೂರ್ತಿಗಿಂತ ಮುನ್ನೂರು ವರ್ಷಗಳಿಗೂ ಹಿಂದಿನ ಶಾಸನವೊಂದು, ಕಟವಪ್ರವೆಂಬ ಆ ಗಿರಿಯಲ್ಲಿ 700 ಋಷಿಗಳು ಸಮಾಧಿಯನ್ನು ಪಡೆದರೆಂದು ತಿಳಿಸುತ್ತದೆ. ಅನ್ನವನ್ನು ಬಿಟ್ಟು, ಕೊನೆಗೆ ದೇಹದ ಮೇಲಣ ಮಮತೆಯನ್ನೂ ಬಿಟ್ಟವರ ನೆನಪು ಅಲ್ಲಿನ ಬಂಡೆಗಳಲ್ಲಿದೆ. ದೊಡ್ಡಬೆಟ್ಟವನ್ನು ಏರುವವರು ಚಿಕ್ಕಬೆಟ್ಟವನ್ನೂ ಕಂಡುಬಂದರೆ, ಗೊಮ್ಮಟನ ಮುಖದ ಶಾಂತಿಯು ಎಂತಹ ಕಠಿನಸಾಧನೆಯ ಫಲವೆಂಬುದು ಮನದಟ್ಟಾಗುವುದು.