ಪದಾರ್ಥವ್ಯವಸ್ಥೆಗಳ ಸಮನ್ವಯ

ಲೋಕದಲ್ಲಿರುವುದೆಲ್ಲವನ್ನೂ ಎಷ್ಟು ಬಗೆಯಾಗಿ ವಿಂಗಡಿಸತಕ್ಕದ್ದು, ಆ ಬಗೆಗಳಿಗೆ ಪರಸ್ಪರ ಸಂಬಂಧವೇನು, ಎಂಬ ವಿಚಾರವು ಭರತಖಂಡದಲ್ಲಿ ಕಣಾದನಿಂದಲೂ ಗ್ರೀಸ್ ದೇಶದಲ್ಲಿ ಅರಿಸ್ಟಾಟಲನಿಂದಲೂ ಪ್ರಸಿದ್ಧಿಗೆ ಬಂದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಪಾಶ್ಚಾತ್ಯರು ಆಂಟಾಲಜಿ ಎಂದು ಕರೆಯುವ ಈ ಶಾಸ್ತ್ರದ ಹೆಸರು ಇಪ್ಪತ್ತನೆಯ ಶತಮಾನದ ಕಡೆಯ ಭಾಗದಲ್ಲಿ ಗಣಕಶಾಸ್ತ್ರವನ್ನು ಪ್ರವೇಶಿಸಿತು. ಒಂದು ವಿಷಯದಲ್ಲಿ ಬಳಕೆಯಾಗುವ ಪದಗಳನ್ನೂ, ಆ ಪದಗಳ ಅರ್ಥವನ್ನು ನಿಯಮಿಸುವ ವಾಕ್ಯಗಳನ್ನೂ, ಯಂತ್ರವು ಅನುಮಾನಮಾಡುವುದಕ್ಕೆ ತಕ್ಕಂತೆ ತರ್ಕದ ಭಾಷೆಯಲ್ಲಿ ಬರೆದಿಟ್ಟರೆ ಅಂತಹ ವ್ಯವಸ್ಥೆಗೆ ಅಲ್ಲಿ ಆಂಟಾಲಜಿಯೆಂದು ಹೆಸರು. ಒಂದು ಪರಿಕಲ್ಪನೆಯನ್ನು ಸ್ಪಷ್ಟವಾಗಿ ನಿರೂಪಿಸುವುದೇ ಅದರ ಲಕ್ಷಣವೆಂದು ಟಾಮ್ ಗ್ರೂಬರ್ ಎಂಬವರು ೧೯೯೩ರಲ್ಲಿ ಹೇಳಿದರು. ಪ್ರಕೃತ ಲೇಖನದಲ್ಲಿ ಇದಕ್ಕೆ ಪದಾರ್ಥವ್ಯವಸ್ಥೆಯೆಂಬ ಮಾತನ್ನೇ ಉಪಯೋಗಿಸಲಾಗಿದೆ.

ಒಂದು ವ್ಯವಸ್ಥೆಯನ್ನು ಕಟ್ಟುವುದು ಕಷ್ಟವಾದರೂ ಸಾಧ್ಯವಾದ ಕೆಲಸ. ಬೇರೆ ಬೇರೆ ಜನರು ಬೇರೆ ಬೇರೆ ಉದ್ದೇಶಗಳಿಂದ ಕಟ್ಟಿದ ಎರಡು ವ್ಯವಸ್ಥೆಗಳನ್ನು ಒಂದುಗೂಡಿಸುವಾಗ ಮಾತ್ರ ನಿಜವಾದ ತೊಡಕು ಎದುರಾಗುತ್ತದೆ. ಪದಗಳ ಪಟ್ಟಿಗಳನ್ನು ಸೇರಿಸಿದಮಾತ್ರಕ್ಕೆ ಶಾಸ್ತ್ರಗಳು ಸೇರುವುದಿಲ್ಲ. ಈ ಅಂಶವನ್ನು ಗಣಕಶಾಸ್ತ್ರಜ್ಞರು ಕಳೆದ ನಾಲ್ಕು ದಶಕಗಳಲ್ಲಿ ಅನುಭವದಿಂದ ಕಂಡುಕೊಂಡರು. ನ್ಯಾಯವೈಶೇಷಿಕಗಳ ಸಮ್ಮಿಲನದ ಚರಿತ್ರೆಯನ್ನು ಬಲ್ಲವರಿಗೆ ಈ ಅನುಭವವು ಹೊಸದಾಗಿ ತೋರದು. ಆದುದರಿಂದ ಮೊದಲು ಆ ಹಳೆಯ ಚರಿತ್ರೆಯನ್ನು ಸಂಗ್ರಹವಾಗಿ ನೋಡಿ, ಬಳಿಕ ಹೊಸದನ್ನು ವಿಚಾರಿಸುವುದು ಯುಕ್ತವಾಗಿದೆ.

೧

ವೈಶೇಷಿಕಸೂತ್ರವು ದ್ರವ್ಯ, ಗುಣ, ಕರ್ಮ, ಸಾಮಾನ್ಯ, ವಿಶೇಷ, ಸಮವಾಯ ಎಂದು ಆರು ಪದಾರ್ಥಗಳನ್ನು ಎಣಿಸುತ್ತದೆ. ಅಭಾವವು ಏಳನೆಯದಾಗಿ ಸೇರಿದುದು ಅನಂತರದ ಮಾತು. ಶಿವಾದಿತ್ಯನ ‘ಸಪ್ತಪದಾರ್ಥೀ’ ಎಂಬ ಗ್ರಂಥದ ಹೆಸರೇ ಇದನ್ನು ಸಾರುತ್ತದೆ. ನ್ಯಾಯಸೂತ್ರವಾದರೋ ಪ್ರಮಾಣ, ಪ್ರಮೇಯ, ಸಂಶಯ, ಪ್ರಯೋಜನ ಮೊದಲ್ಗೊಂಡು ನಿಗ್ರಹಸ್ಥಾನದವರೆಗೆ ಹದಿನಾರನ್ನು ಎಣಿಸುತ್ತದೆ. ಎರಡು ಕಡೆಯೂ ಪದಾರ್ಥವೆಂಬ ಹೆಸರೇ ಇದ್ದರೂ ಎಣಿಕೆಯ ಉದ್ದೇಶವು ಒಂದೇ ಅಲ್ಲ. ‘ಏನೇನು ಇದೆ?’ ಎಂಬುದು ಒಂದರ ಪ್ರಶ್ನೆ. ‘ತತ್ತ್ವವನ್ನು ವಿಚಾರಿಸುವವನು ಏನೇನನ್ನು ಅರಿತಿರಬೇಕು?’ ಎಂಬುದು ಮತ್ತೊಂದರ ಪ್ರಶ್ನೆ.

ಇವೆರಡಕ್ಕೂ ಸೇತುವನ್ನು ಕಟ್ಟಿದವರಲ್ಲಿ ಮೊದಲಿಗನಾಗಿ ವಾತ್ಸ್ಯಾಯನನನ್ನು ಹೇಳಬಹುದು. ಸೂತ್ರಕಾರನು ಹೇಳಿದ ಹನ್ನೆರಡು ಪ್ರಮೇಯಗಳಲ್ಲದೆ ದ್ರವ್ಯಗುಣಾದಿಗಳೂ ಪ್ರಮೇಯಗಳಾಗಿ ಇವೆಯೆಂದು ಅವನು ಭಾಷ್ಯದಲ್ಲಿ ಒಪ್ಪಿಕೊಂಡಿದ್ದಾನೆ. ಉದಯನಾಚಾರ್ಯನು ಎರಡು ಶಾಸ್ತ್ರಗಳಿಗೂ ವ್ಯಾಖ್ಯಾನಗಳನ್ನು ರಚಿಸಿದನು. ನ್ಯಾಯಕ್ಕೆ ‘ತಾತ್ಪರ್ಯಪರಿಶುದ್ಧಿ’, ವೈಶೇಷಿಕಕ್ಕೆ ‘ಕಿರಣಾವಲೀ’. ಆಮೇಲೆ ಬಂದ ಪ್ರಕರಣಗ್ರಂಥಗಳಲ್ಲಿ ಎರಡು ಮಾರ್ಗಗಳು ಕಂಡುಬರುತ್ತವೆ. ಕೇಶವಮಿಶ್ರನ ‘ತರ್ಕಭಾಷೆ’ಯು ನ್ಯಾಯದ ಹದಿನಾರನ್ನೇ ಚೌಕಟ್ಟಾಗಿ ಇಟ್ಟುಕೊಂಡು, ಪ್ರಮೇಯಗಳಲ್ಲಿ ಒಂದಾದ ‘ಅರ್ಥ’ದ ಕೆಳಗೆ ವೈಶೇಷಿಕರ ಪದಾರ್ಥಗಳನ್ನು ತಂದು ಕೂಡಿಸುತ್ತದೆ. ಅನ್ನಂಭಟ್ಟನ ‘ತರ್ಕಸಂಗ್ರಹ’ವು ಇದಕ್ಕೆ ಪ್ರತಿಯಾಗಿ ಏಳು ಪದಾರ್ಥಗಳನ್ನು ಚೌಕಟ್ಟಾಗಿ ಹಿಡಿದು, ಪ್ರಮಾಣವಿಚಾರವನ್ನೆಲ್ಲ ಬುದ್ಧಿಯೆಂಬ ಗುಣದ ಕೆಳಗೆ ಅಳವಡಿಸುತ್ತದೆ, ಉಳಿದ ಪದಾರ್ಥಗಳೆಲ್ಲ ಈ ಏಳರಲ್ಲೇ ಅಡಗುವುವೆಂದು ಕಡೆಯಲ್ಲಿ ಹೇಳಿ, ‘ದೀಪಿಕೆ’ಯಲ್ಲಿ ಹದಿನಾರನ್ನೂ ಎತ್ತಿಕೊಂಡು ವಿವರಿಸುತ್ತದೆ. ಸಂಶಯವೂ ತರ್ಕವೂ ಅಯಥಾರ್ಥಾನುಭವದ ಭೇದಗಳು. ಹೇತ್ವಾಭಾಸವು ಅನುಮಾನವಿಚಾರದ ಅಂಗ. ಹೀಗೆ ಒಂದು ವ್ಯವಸ್ಥೆಯ ಪ್ರತಿಪದಕ್ಕೂ ಇನ್ನೊಂದರಲ್ಲಿ ಸ್ಥಾನವನ್ನು ನಿರ್ದೇಶಿಸುವುದಕ್ಕೆ ಅಂತರ್ಭಾವವೆಂದು ಹೆಸರು.

ಅಂತರ್ಭಾವವು ಎಲ್ಲೆಡೆಯೂ ನಿರಾತಂಕವಾಗಿ ನಡೆಯಲಿಲ್ಲ. ವೈಶೇಷಿಕರಿಗೆ ಪ್ರಮಾಣಗಳು ಎರಡು, ನೈಯಾಯಿಕರಿಗೆ ನಾಲ್ಕು. ಇಲ್ಲಿ ವೈಶೇಷಿಕಪಕ್ಷವನ್ನು ಬಿಟ್ಟು ನಾಲ್ಕನ್ನೇ ಸ್ವೀಕರಿಸಲಾಯಿತು. ಕುಂಬಾರನ ಆವಿಗೆಯಲ್ಲಿ ಹಸಿಮಡಕೆ ಕೆಂಪಾಗುವುದು ಹೇಗೆಂಬುದು ಇನ್ನೊಂದು ವಿವಾದ. ಮಡಕೆಯು ಪರಮಾಣುಗಳವರೆಗೆ ಒಡೆದು, ಪರಮಾಣುಗಳಲ್ಲಿ ಬಣ್ಣ ಹುಟ್ಟಿ, ಅವು ಮತ್ತೆ ಕೂಡಿಕೊಂಡು ಮಡಕೆಯಾಗುವುದೆಂದು ವೈಶೇಷಿಕರ ಪೀಲುಪಾಕವಾದ. ಮಡಕೆಯು ಒಡೆಯದೆ ಇದ್ದಂತೆಯೇ ಕೆಂಪಾಗುವುದೆಂದು ನೈಯಾಯಿಕರ ಪಿಠರಪಾಕವಾದ. ಎರಡನ್ನೂ ಒಟ್ಟಿಗೆ ಒಪ್ಪುವುದಕ್ಕಾಗದು. ವಿಶ್ವನಾಥಪಂಚಾನನನ ‘ಭಾಷಾಪರಿಚ್ಛೇದ’ವು ಇಲ್ಲಿ ಬಲಾತ್ಕಾರದಿಂದ ಐಕಮತ್ಯವನ್ನು ಸಾಧಿಸಲು ಹೋಗದೆ, ಇದು ವೈಶೇಷಿಕರ ಮತ, ಇದು ನೈಯಾಯಿಕರ ಮತ, ಎಂದು ಹೆಸರಿಟ್ಟು ಎರಡನ್ನೂ ಉಳಿಸಿಕೊಂಡಿದೆ. ಅಂತರ್ಭಾವ, ತ್ಯಾಗ, ಹೆಸರಿಟ್ಟು ಉಳಿಸಿಕೊಂಡ ಮತಭೇದ: ಸಮನ್ವಯದ ಈ ಮೂರು ಉಪಾಯಗಳು ಮುಂದಿನ ವಿಚಾರಕ್ಕೆ ಆಧಾರವಾಗಿವೆ.

೨

ಯಂತ್ರಗಳಿಗೆ ಈ ಸಮಸ್ಯೆ ಏಕೆ ಬಂದಿತೆಂಬುದನ್ನು ಇನ್ನು ನೋಡಬೇಕು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಡಗ್ಲಸ್ ಲೆನಟ್ ಎಂಬವರು ೧೯೮೪ರಲ್ಲಿ ‘ಸೈಕ್’ ಎಂಬ ಮಹಾಕಾರ್ಯವನ್ನು ಆರಂಭಿಸಿದರು. ಸಾಮಾನ್ಯ ಮನುಷ್ಯನಿಗೆ ತಿಳಿದಿರುವ ಲೋಕಜ್ಞಾನವನ್ನೆಲ್ಲ ತರ್ಕವಾಕ್ಯಗಳಲ್ಲಿ ಬರೆದಿಡುವುದೇ ಅದರ ಗುರಿ. ವಾಕ್ಯಗಳು ಬೆಳೆದಂತೆಲ್ಲ ಅವೆಲ್ಲವನ್ನೂ ಒಂದೇ ವಿರೋಧರಹಿತ ರಾಶಿಯಾಗಿ ಇಡುವುದು ದುಸ್ಸಾಧ್ಯವೆಂದು ಕಂಡಿತು. ಆದುದರಿಂದ ಆ ಜ್ಞಾನರಾಶಿಯನ್ನು ‘ಮೈಕ್ರೊಥಿಯರಿ’ಗಳೆಂಬ ಚಿಕ್ಕ ಪ್ರಕರಣಗಳಾಗಿ ವಿಭಾಗಿಸಲಾಯಿತು. ಒಂದು ಪ್ರಕರಣದೊಳಗೆ ವಿರೋಧವಿರಕೂಡದು. ಎರಡು ಪ್ರಕರಣಗಳ ನಡುವೆ ಇರಬಹುದು. ಇದು ಮೇಲ್ಕಂಡ ಮೂರನೆಯ ಉಪಾಯವೇ ಎಂಬುದನ್ನು ವಿವರಿಸಬೇಕಾಗಿಲ್ಲ.

ಜೀವಶಾಸ್ತ್ರದಲ್ಲಿ ಬೇರೊಂದು ಮಾರ್ಗವು ಫಲಿಸಿತು. ಹಣ್ಣಿನ ನೊಣ, ಹುದುಗುಬರಿಸುವ ಯೀಸ್ಟ್, ಇಲಿ ಇವುಗಳ ವಂಶವಾಹಿಗಳನ್ನು ಕುರಿತ ಮಾಹಿತಿಯನ್ನು ಮೂರು ತಂಡದವರು ಪ್ರತ್ಯೇಕವಾಗಿ ಸಂಗ್ರಹಿಸುತ್ತಿದ್ದರು. ಅವರು ೧೯೯೮ರಲ್ಲಿ ಒಂದುಗೂಡಿ ‘ಜೀನ್ ಆಂಟಾಲಜಿ’ಯನ್ನು ಸ್ಥಾಪಿಸಿದರು. ಪ್ರತಿಯೊಬ್ಬರೂ ಸ್ವತಂತ್ರವಾಗಿ ಕಟ್ಟಿದುದನ್ನು ಆಮೇಲೆ ಬೆಸೆಯುವುದಕ್ಕಿಂತ ಮೊದಲಿನಿಂದಲೇ ಸಮಾನಪದಗಳನ್ನು ಒಪ್ಪಿಕೊಳ್ಳುವುದು ಲೇಸೆಂಬುದು ಈ ಯತ್ನದ ಪಾಠ.

ಆದರೆ ಆಗಲೇ ಸಿದ್ಧವಾಗಿರುವ ವ್ಯವಸ್ಥೆಗಳ ಗತಿಯೇನು? ೨೦೦೧ರಲ್ಲಿ ಇಯಾನ್ ನೈಲ್ಸ್, ಆಡಮ್ ಪೀಸ್ ಎಂಬಿಬ್ಬರು ಹಲವರು ರಚಿಸಿದ್ದ ವ್ಯವಸ್ಥೆಗಳನ್ನು ಬೆಸೆದು ‘ಸುಮೊ’ ಎಂಬುದನ್ನು ಪ್ರಕಟಿಸಿದರು. ಇದು ಎಲ್ಲ ಶಾಸ್ತ್ರಗಳಿಗೂ ಮೇಲುಚಾವಣಿಯಾಗಿ ನಿಲ್ಲಬೇಕೆಂದು ಕಟ್ಟಿದ ವ್ಯವಸ್ಥೆ. ಸಮ್ಮಿಶ್ರವೆಂಬ ವಿಶೇಷಣವು ಅದರ ಪೂರ್ಣನಾಮದಲ್ಲಿಯೇ ಅಡಗಿದೆ. ಇಟಲಿಯ ಟ್ರೆಂಟೊ ನಗರದಲ್ಲಿ ನಿಕೊಲಾ ಗ್ವಾರಿನೊ ಮೊದಲಾದವರು ‘ಡಾಲ್ಚೆ’ಯನ್ನೂ, ಬ್ಯಾರಿ ಸ್ಮಿತ್ ಮೊದಲಾದವರು ‘ಬಿ.ಎಫ್.ಓ.’ ಎಂಬುದನ್ನೂ ಇದೇ ಉದ್ದೇಶದಿಂದ ರಚಿಸಿದರು. ಹೀಗೆ ಸಮನ್ವಯಕ್ಕೆಂದು ಹುಟ್ಟಿದ ಚಾವಣಿಗಳೇ ಹಲವಾಗಿ, ಅವುಗಳ ಸಮನ್ವಯವೇ ಹೊಸ ಸಮಸ್ಯೆಯಾಯಿತು.

೩

ಈ ಕಲಹದ ಸ್ವರೂಪವನ್ನು ತರ್ಕಶಾಸ್ತ್ರವು ಯಂತ್ರಗಳಿಗಿಂತ ಮುಂಚೆಯೇ ಶೋಧಿಸಿತ್ತು. ಏಬ್ರಹಾಂ ರಾಬಿನ್ಸನ್ ೧೯೫೬ರಲ್ಲಿ, ವಿಲಿಯಂ ಕ್ರೇಗ್ ೧೯೫೭ರಲ್ಲಿ ಪ್ರಕಟಿಸಿದ ಪ್ರಮೇಯಗಳಿಂದ ಒಂದು ಸುಂದರವಾದ ಸಿದ್ಧಾಂತವು ಲಭಿಸುತ್ತದೆ. ‘ಎಲ್ಲವೂ’, ‘ಯಾವುದೋ ಒಂದು’ ಎಂದು ವಸ್ತುಗಳನ್ನು ಕುರಿತು ಹೇಳುವ ಪ್ರಥಮಕಕ್ಷ್ಯೆಯ ತರ್ಕದಲ್ಲಿ ಎರಡು ಸಿದ್ಧಾಂತಗಳಿವೆಯೆಂದು ಇಟ್ಟುಕೊಳ್ಳಬೇಕು. ಅವುಗಳನ್ನು ಸೇರಿಸಿದರೆ ವಿರೋಧವುಂಟಾಗುವುದಾದರೆ, ಉಭಯಸಾಧಾರಣವಾದ ಪದಗಳಿಂದಲೂ ತರ್ಕದ ಅವ್ಯಯಗಳಿಂದಲೂ ಮಾತ್ರ ರಚಿತವಾದ ಒಂದು ವಾಕ್ಯವು ಇದ್ದೇ ಇರುತ್ತದೆ. ಅದನ್ನು ಒಂದು ಸಿದ್ಧಾಂತವು ಸಾಧಿಸುತ್ತದೆ, ಇನ್ನೊಂದು ನಿರಾಕರಿಸುತ್ತದೆ. ತನಗೆ ಮಾತ್ರ ಸೇರಿದ ಪದದಲ್ಲಿ ಯಾರಿಗೂ ಜಗಳವಿಲ್ಲ. ಜಗಳವೆಲ್ಲ ಇಬ್ಬರೂ ನುಡಿಯುವ ಪದದಲ್ಲಿಯೇ. ಪೀಲುಪಾಕದ ವಿವಾದವು ಇದಕ್ಕೆ ಉತ್ತಮವಾದ ನಿದರ್ಶನ. ಘಟ, ಪರಮಾಣು, ಪಾಕ, ರೂಪ ಎಂಬಿವು ಇಬ್ಬರಿಗೂ ಸಮಾನ. ‘ಪಾಕಕಾಲದಲ್ಲಿ ಘಟವು ನಾಶವಾಗುತ್ತದೆ’ ಎಂಬ ವಾಕ್ಯವನ್ನು ಒಬ್ಬನು ಸಾಧಿಸುತ್ತಾನೆ, ಇನ್ನೊಬ್ಬನು ಅಲ್ಲಗಳೆಯುತ್ತಾನೆ.

ಇದರಿಂದ ಸಮನ್ವಯಕಾರನ ಮೊದಲನೆಯ ಕರ್ತವ್ಯವು ಗೊತ್ತಾಗುತ್ತದೆ. ಯಾವ ಯಾವ ಪದಗಳು ನಿಜವಾಗಿ ಸಮಾನವೆಂಬುದನ್ನು ಅವನು ಮೊದಲು ನಿರ್ಣಯಿಸಬೇಕು. ಇಲ್ಲಿಯೇ ಹೆಚ್ಚಿನ ಅಪಾಯ. ೨೦೦೪ರಲ್ಲಿ ಅಂತರ್ಜಾಲದ ಮಾನಕಸಂಸ್ಥೆಯಾದ ಡಬ್ಲ್ಯು೩ಸಿ ಎಂಬುದು ‘ಔಲ್’ ಎಂಬ ತರ್ಕಭಾಷೆಯನ್ನು ಅಂಗೀಕರಿಸಿತು. ‘ಇದೂ ಅದೂ ಒಂದೇ’ ಎಂದು ಸಾರುವ ಸಂಜ್ಞೆಯೊಂದು ಅದರಲ್ಲಿದೆ. ಅದನ್ನು ಜನರು ಒಂದೇ ಅರ್ಥದಲ್ಲಿ ಬಳಸುತ್ತಿಲ್ಲವೆಂದು ಹ್ಯಾರಿ ಹಾಲ್ಪಿನ್, ಪ್ಯಾಟ್ರಿಕ್ ಹೇಸ್ ಮೊದಲಾದವರು ೨೦೧೦ರಲ್ಲಿ ತೋರಿಸಿಕೊಟ್ಟರು. ಸಾದೃಶ್ಯವಿರುವೆಡೆಯಲ್ಲಿ ತಾದಾತ್ಮ್ಯವನ್ನು ಹೇಳಿದರೆ ಯಂತ್ರವು ಒಂದರ ಧರ್ಮಗಳನ್ನೆಲ್ಲ ಇನ್ನೊಂದಕ್ಕೆ ಹಚ್ಚುತ್ತದೆ. ಮುಖವು ಚಂದ್ರನಂತಿದೆ ಎಂಬುದಕ್ಕೂ ಮುಖವು ಚಂದ್ರನೇ ಎಂಬುದಕ್ಕೂ ಇರುವ ತಾರತಮ್ಯವನ್ನು ಆಲಂಕಾರಿಕರು ಬಲ್ಲರು, ಯಂತ್ರಕ್ಕೆ ರೂಪಕವಿಲ್ಲ.

ಎರಡನೆಯ ಕರ್ತವ್ಯವು ಮತ್ತಷ್ಟು ಸೂಕ್ಷ್ಮವಾದುದು. ವಿರೋಧವಿಲ್ಲದಿದ್ದರೂ, ಹೊಸದನ್ನು ಸೇರಿಸಿದಮೇಲೆ ಹಳೆಯ ವ್ಯವಸ್ಥೆಯು ತನ್ನ ಸ್ವಂತ ಪದಗಳಲ್ಲಿಯೇ ಹಿಂದೆ ಹೇಳದಿದ್ದ ಮಾತನ್ನು ಹೇಳತೊಡಗಬಹುದು. ಹಾಗೆ ಹೇಳದಿದ್ದರೆ ಆ ಸೇರ್ಪಡೆಯನ್ನು ಸಂರಕ್ಷಕವಾದ ವಿಸ್ತರಣವೆಂದು ತಾರ್ಕಿಕರು ಕರೆಯುತ್ತಾರೆ. ಘಿಲಾರ್ಡಿ, ಲುಟ್ಸ್, ವೋಲ್ಟರ್ ಎಂಬ ಮೂವರು ೨೦೦೬ರಲ್ಲಿ ಇದನ್ನು ವಿಚಾರಿಸಿ, ಒಂದು ಪ್ರಧಾನವಾದ ವರ್ಣನತರ್ಕದಲ್ಲಿ ಈ ಪ್ರಶ್ನೆಯನ್ನು ಯಂತ್ರವು ನಿರ್ಣಯಿಸಬಲ್ಲುದೆಂದೂ, ಆದರೆ ಅದಕ್ಕೆ ಬೇಕಾಗುವ ಕಾಲವು ಘಾತದ ಮೇಲೆ ಘಾತವೆಂಬಂತೆ ಬೆಳೆಯಬಹುದೆಂದೂ ಸಾಧಿಸಿದರು.

೪

ಪದಗಳ ತಾದಾತ್ಮ್ಯದಂತೆಯೇ ಜಾತಿಗಳ ನಿರ್ಣಯವೂ ಕಷ್ಟವಾದುದು. ಎಲ್ಲ ಸಾಮಾನ್ಯಧರ್ಮವೂ ಜಾತಿಯಲ್ಲವೆಂದು ಉದಯನನು ಆರು ಜಾತಿಬಾಧಕಗಳನ್ನು ಹೇಳಿದನು. ಅವುಗಳಲ್ಲಿ ಸಂಕರವೂ ಒಂದು. ಭೂತತ್ವವೂ ಮೂರ್ತತ್ವವೂ ಪೃಥಿವ್ಯಾದಿ ನಾಲ್ಕರಲ್ಲಿ ಕೂಡಿರುತ್ತವೆ. ಆಕಾಶದಲ್ಲಿ ಮೊದಲನೆಯದು ಮಾತ್ರ, ಮನಸ್ಸಿನಲ್ಲಿ ಎರಡನೆಯದು ಮಾತ್ರ. ಹೀಗೆ ಒಂದನ್ನೊಂದು ಅಡ್ಡಹಾಯುವುದರಿಂದ ಅವು ಜಾತಿಗಳಲ್ಲ, ಉಪಾಧಿಗಳು. ಒಂದು ಬಗೆಗೆ ನೇರವಾದ ಮೇಲ್ಬಗೆ ಒಂದೇ ಇರಬೇಕೆಂದು ಬಿ.ಎಫ್.ಓ. ಮಾರ್ಗದವರು ವಿಧಿಸುವ ನಿಯಮವು ಇದಕ್ಕೆ ಬಹು ಸಮೀಪವಾಗಿದೆ. ಗ್ವಾರಿನೊ, ಕ್ರಿಸ್ಟೊಫರ್ ವೆಲ್ಟಿ ಇವರು ೨೦೦೦ದಿಂದೀಚೆಗೆ ಪ್ರಚುರಪಡಿಸಿದ ‘ಆಂಟೊಕ್ಲೀನ್’ ಎಂಬ ಪರೀಕ್ಷಾಕ್ರಮವೂ ಇಂತಹುದೇ. ಮನುಷ್ಯತ್ವವು ವ್ಯಕ್ತಿಯನ್ನು ಬಿಡದು, ವಿದ್ಯಾರ್ಥಿತ್ವವು ಬಂದುಹೋಗುವುದು, ಆದುದರಿಂದ ಮನುಷ್ಯತ್ವವನ್ನು ವಿದ್ಯಾರ್ಥಿತ್ವದ ಕೆಳಗೆ ಇಡಕೂಡದು. ಪಾಚಕತ್ವವು ಜಾತಿಯಲ್ಲವೆಂಬ ತಾರ್ಕಿಕರ ವಾದವನ್ನು ಓದಿದವರಿಗೆ ಇದರ ಮರ್ಮವು ಒಡನೆಯೇ ಹೊಳೆಯುತ್ತದೆ.

ಇದು ಬರಿಯ ವಾಗ್ವಾದವಲ್ಲವೆಂಬುದಕ್ಕೆ ವೈದ್ಯಶಾಸ್ತ್ರವು ಸಾಕ್ಷಿ. ಅಮೆರಿಕದ ‘ಸ್ನೋಮೆಡ್ ಆರ್.ಟಿ.’ಯನ್ನೂ ಇಂಗ್ಲೆಂಡಿನ ‘ಕ್ಲಿನಿಕಲ್ ಟರ್ಮ್ಸ್’ ಕೋಶದ ಮೂರನೆಯ ಪಾಠವನ್ನೂ ಬೆಸೆದು ೨೦೦೨ರಲ್ಲಿ ‘ಸ್ನೋಮೆಡ್ ಸಿ.ಟಿ.’ಯನ್ನು ಹೊರತರಲಾಯಿತು. ಅಂಗಾಂಗಿಭಾವವನ್ನು ಅದರಲ್ಲಿ ಜಾತಿಗಳ ಮೇಲುಕೀಳಿನಿಂದಲೇ ಸೂಚಿಸುವ ಒಂದು ಪದ್ಧತಿಯಿತ್ತು. ಅದರ ಫಲವಾಗಿ, ಬೆರಳನ್ನು ಕತ್ತರಿಸುವ ಶಸ್ತ್ರಕ್ರಿಯೆಯು ಕೈಯನ್ನು ಕತ್ತರಿಸುವ ಶಸ್ತ್ರಕ್ರಿಯೆಯ ಒಂದು ಭೇದವೆಂದು ಯಂತ್ರವು ಅನುಮಾನಮಾಡಿತು! ಫ್ರಾಂಟ್ಸ್ ಬಾಡರ್ ಮೊದಲಾದವರು ಈ ದೋಷದ ಮೂಲವನ್ನು ೨೦೦೮ರಲ್ಲಿ ಶೋಧಿಸಿ ತೋರಿಸಿದರು. ಬೆರಳಿನ ಗಾಯವು ಕೈಯ ಗಾಯವೆನ್ನುವುದು ಸರಿ. ಬೆರಳನ್ನು ಕತ್ತರಿಸಿದರೆ ಕೈಯನ್ನು ಕತ್ತರಿಸಿದಂತೆ ಆಗದು. ಅವಯವಕ್ಕೂ ಅವಯವಿಗೂ ಇರುವ ಸಂಬಂಧವು ಬೇರೆ, ಜಾತಿಗೂ ಅವಾಂತರಜಾತಿಗೂ ಇರುವ ಸಂಬಂಧವು ಬೇರೆ. ಇವನ್ನು ಬೆರಸಿದರೆ ರೋಗಿಗಳ ಲೆಕ್ಕವೇ ತಪ್ಪುತ್ತದೆ.

೫

ಮೇಲುಚಾವಣಿಗಳ ಭೇದವು ಎಷ್ಟು ಆಳವಾದುದೆಂಬುದಕ್ಕೆ ಒಂದು ಉದಾಹರಣೆ ಸಾಕು. ಡಾಲ್ಚೆಯಲ್ಲಿಯೂ ಬಿ.ಎಫ್.ಓ.ದಲ್ಲಿಯೂ ಸ್ಥಿರವಾಗಿ ಉಳಿಯುವ ವಸ್ತುವು ಬೇರೆ, ಕಾಲದಲ್ಲಿ ಹರಡಿಕೊಳ್ಳುವ ಘಟನೆಯು ಬೇರೆ; ಒಂದು ಇನ್ನೊಂದಾಗದು. ಕೈಗಾರಿಕೆಗಳಿಗಾಗಿ ರಚಿತವಾದ ‘ಐಎಸ್‌ಒ ೧೫೯೨೬’ ಎಂಬ ಮಾನಕದಲ್ಲಿಯಾದರೋ ಪ್ರತಿ ವಸ್ತುವೂ ದೇಶಕಾಲಗಳೆರಡರಲ್ಲಿಯೂ ಚಾಚಿಕೊಂಡಿರುವುದೇ. ಒಂದರಲ್ಲಿರುವ ‘ಯಂತ್ರ’ವೂ ಇನ್ನೊಂದರಲ್ಲಿರುವ ‘ಯಂತ್ರ’ವೂ ಒಂದೇ ಎಂದು ಬರೆದುಬಿಟ್ಟರೆ ವಿರೋಧವು ತಪ್ಪದು. ಸ್ಥಿರವಾದಿಗಳಾದ ನೈಯಾಯಿಕರಿಗೂ ಕ್ಷಣಿಕವಾದಿಗಳಾದ ಬೌದ್ಧರಿಗೂ ಶತಮಾನಗಳ ಕಾಲ ನಡೆದ ವಾದದ ನೆನಪು ಇಲ್ಲಿ ಸಹಜವಾಗಿಯೇ ಬರುತ್ತದೆ. ಅವರಿಬ್ಬರಿಗೂ ‘ಘಟ’ವೆಂಬ ಶಬ್ದವು ಒಂದೇ ಆಗಿದ್ದಿತು, ಅರ್ಥವು ಒಂದಾಗಿರಲಿಲ್ಲ.

ಇಂತಿರಲು, ಒಂದೇ ಚಾವಣಿಯ ಕೆಳಗೆ ಸಕಲವನ್ನೂ ತರುವ ಆಸೆಯು ಕ್ರಮೇಣ ಸಡಿಲವಾಯಿತು. ಜೋಸೆಫ್ ಗೊಗೆನ್, ರಾಡ್ ಬರ್ಸ್ಟಾಲ್ ಎಂಬಿಬ್ಬರು ೧೯೮೪ರಿಂದ ೧೯೯೨ರವರೆಗೆ ಬೆಳೆಸಿದ ‘ಇನ್‌ಸ್ಟಿಟ್ಯೂಷನ್’ ಸಿದ್ಧಾಂತವು ತರ್ಕಗಳೇ ಭಿನ್ನವಾಗಿದ್ದರೂ ಅವುಗಳ ನಡುವೆ ಅನುವಾದಮಾರ್ಗಗಳನ್ನು ನಿರ್ದೇಶಿಸಬಹುದೆಂದು ತೋರಿಸಿತ್ತು. ಇದನ್ನು ಆಧರಿಸಿದ ‘ಡಿ.ಓ.ಎಲ್.’ ಎಂಬ ಭಾಷೆಯು ೨೦೧೮ರಲ್ಲಿ ಮಾನಕವಾಗಿ ಪ್ರಕಟವಾಯಿತು. ಇದರಲ್ಲಿ ವ್ಯವಸ್ಥೆಗಳನ್ನು ಕರಗಿಸುವುದಿಲ್ಲ. ಅವನ್ನು ಇದ್ದಂತೆ ಇರಿಸಿ, ನಡುವಣ ಸೇತುವಾಕ್ಯಗಳನ್ನು ಬೇರೆಯಾಗಿ ಬರೆಯುತ್ತಾರೆ. ಮೇಲುಚಾವಣಿಗಳನ್ನು ಕುರಿತ ೨೧೮೩೮ ಸಂಖ್ಯೆಯ ಅಂತರರಾಷ್ಟ್ರೀಯ ಮಾನಕವು ೨೦೨೧ರಲ್ಲಿ ಬಿ.ಎಫ್.ಓ.ವನ್ನು ಅಂಗೀಕರಿಸಿ, ಬಳಿಕ ಡಾಲ್ಚೆಗೂ ಅದೇ ಮಾನಕದಲ್ಲಿ ಪ್ರತ್ಯೇಕ ಭಾಗವನ್ನು ಕೊಟ್ಟಿರುವುದೂ ಗಮನಾರ್ಹವಾದುದು.

ಅಂತರ್ಭಾವದ ಗುಣದೋಷಗಳನ್ನು ಈಗ ಹೇಳಬಹುದಾಗಿದೆ. ಅನ್ನಂಭಟ್ಟನ ಕಾರ್ಯದಿಂದ ಹದಿನಾರು ಪದಾರ್ಥಗಳಲ್ಲಿ ಒಂದೂ ನಿರಾಶ್ರಿತವಾಗಲಿಲ್ಲ. ಬಾಲಕರಿಗೆ ಶಾಸ್ತ್ರವು ಸುಲಭವಾಯಿತು. ಆದರೆ ಸಂಶಯದಿಂದ ಹೊರಟು, ವಾದದಲ್ಲಿ ನಡೆದು, ನಿರ್ಣಯವನ್ನು ಮುಟ್ಟುವ ವಿಚಾರಕ್ರಮವೇ ಆ ಹದಿನಾರರ ಪ್ರಾಣವಾಗಿದ್ದಿತು. ಏಳರೊಳಗೆ ಹಂಚಿಹೋದಮೇಲೆ ಪದಗಳು ಉಳಿದುವು, ಕ್ರಮವು ಮರೆಯಾಯಿತು. ಆ ಏಳೂ ಸ್ಥಿರವಾಗಿ ನಿಲ್ಲಲಿಲ್ಲ. ರಘುನಾಥಶಿರೋಮಣಿಯು ‘ಪದಾರ್ಥತತ್ತ್ವನಿರೂಪಣ’ದಲ್ಲಿ ವಿಶೇಷವನ್ನು ತೆಗೆದುಹಾಕಿ, ಸಂಖ್ಯೆ, ಸ್ವತ್ವ, ಶಕ್ತಿ ಮೊದಲಾದುವನ್ನು ಹೊಸ ಪದಾರ್ಥಗಳಾಗಿ ಸೇರಿಸಿದನು. ಯಂತ್ರಗಳಿಗಾಗಿ ವ್ಯವಸ್ಥೆಗಳನ್ನು ಬೆಸೆಯುವವರಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಪ್ರತಿಪದಕ್ಕೂ ಸ್ಥಾನವು ದೊರೆತಮಾತ್ರಕ್ಕೆ, ವಿರೋಧವು ಕಾಣಿಸದಮಾತ್ರಕ್ಕೆ, ಮೂಲವ್ಯವಸ್ಥೆಯು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೋ ಆ ಪ್ರಶ್ನೆಯು ಉಳಿಯಿತೆಂದು ಹೇಳಲಾಗದು. ಸಮಾನವಾದುದನ್ನು ಸಮಾನವೆಂದು ಸಾಧಿಸಿ, ಅಡಗುವುದನ್ನು ಎಲ್ಲಿ ಅಡಗುವುದೆಂದು ನಿರ್ದೇಶಿಸಿ, ಒಪ್ಪದಿರುವುದನ್ನು ಯಾರ ಮತವೆಂದು ಹೆಸರಿಟ್ಟು ಉಳಿಸಿಕೊಳ್ಳುವುದೇ ಸಮನ್ವಯದ ಸರಿಯಾದ ಮಾರ್ಗವೆಂದು ಈ ಎರಡು ಚರಿತ್ರೆಗಳಿಂದಲೂ ಸಿದ್ಧವಾಗುತ್ತದೆ.