ಕಣ್ಣು ತುರಿಕೆ: ಅಜ್ಜಿ ಕಾಲದಿಂದ ಡ್ರಾಪ್ಸ್ ಕಾಲದವರೆಗೆ

ಅಕ್ಕತಂಗೇರೇ, ಯುಗಾದಿ ಕಳೆದು ಬಿಸ್ಲು ಏರ್ತಿದ್ದಂಗೆ ನಮ್ಮನೆ ಫೋನಿಗೆ ಒಂದೇ ಮಾತು ಬತ್ತದೆ. "ಅಕ್ಕಾ, ಮಗೀಗೆ ಕಣ್ಣು ಕೆಂಪಗಾಗದೆ, ಉಜ್ಜಿ ಉಜ್ಜಿ ಊದುಸ್ಕೊಂಡವ್ನೆ, ಏನ್ ಹಾಕನ?" ಎಲ್ರಿಗೂ ಒಂದೊಂದ್ಸಲ ಹೇಳೋ ಬದಲು ಬರೆದೇ ಬಿಡೋಣ ಅಂತ ಕೂತಿದ್ದೀನಿ. ಔಷಧಿ ಹೆಸರು ಮಾತ್ರ ಬರೆಯಲ್ಲ. ಯಾಕೆ ಅಂತ ಕೊನೇಲಿ ನಿಮಗೇ ಗೊತ್ತಾಗ್ತದೆ.

ನಮ್ಮ ನಂಜನಗೂಡಿಗೂ ಕಣ್ಣಿಗೂ ಹಳೇ ನಂಟು. ಟಿಪ್ಪು ಸುಲ್ತಾನನ ಆನೆಗೆ ಕಣ್ಣುಬೇನೆ ಬಂದು, ಶ್ರೀಕಂಠೇಶ್ವರನಿಗೆ ಪೂಜೆ ಮಾಡಿಸಿದ ಮೇಲೆ ವಾಸಿಯಾಯ್ತಂತೆ. ಅದಕ್ಕೇ ಸುಲ್ತಾನ ಸ್ವಾಮಿಯನ್ನ 'ಹಕೀಂ ನಂಜುಂಡ' ಅಂತ ಕರೆದು ಪಚ್ಚೆ ಲಿಂಗ ಕೊಟ್ಟ ಅಂತ ಕತೆ. ನಮ್ಮಜ್ಜಿ ಕಾಲದಲ್ಲಿ ಮನೇಲಿ ಯಾರಿಗೆ ಕಣ್ಣಿಗಾದ್ರೂ ಮೊದಲು ಬೆಳ್ಳಿ ಕಣ್ಣಿನ ಹರಕೆ. ಆಮೇಲೆ ನಂದಿಬಟ್ಲು ಹೂವನ್ನ ತಣ್ಣೀರಲ್ಲಿ ನೆನೆಸಿ ರೆಪ್ಪೆ ಮೇಲೆ ಮಡಗೋರು. ಬಾಣಂತಿ ಇದ್ರೆ ಎರಡು ತೊಟ್ಟು ಎದೆಹಾಲು, ಇಲ್ದಿದ್ರೆ ಹರಳೆಣ್ಣೆ. ಎಲ್ಲದಕ್ಕೂ ಅಜ್ಜಿ ಒಂದೇ ಕಾರಣ ಹೇಳೋರು: "ಉಷ್ಣ ಕಣವ್ವಾ."

ಅಜ್ಜಿಯನ್ನ ನೋಡಿ ನಗಬೇಡಿ. ಇಂಗ್ಲೆಂಡಿನಲ್ಲಿ ಜಾನ್ ಬೋಸ್ಟಾಕ್ ಅಂತ ಒಬ್ಬ ಡಾಕ್ಟ್ರು ಇದ್ರು. ಚಿಕ್ಕಂದಿನಿಂದ ಅವರಿಗೆ ಪ್ರತಿ ಬೇಸಿಗೇಲೂ ಕಣ್ಣು ತುರಿಕೆ, ನೀರು, ಸೀನು. 1819ರಲ್ಲಿ ತಮ್ಮದೇ ಕಾಯಿಲೆ ಕತೆಯನ್ನ ಬೇರೆ ಡಾಕ್ಟ್ರುಗಳ ಮುಂದೆ ಓದಿ ಹೇಳಿದ್ರು. ಅವರೂ ಕಾರಣ ಬಿಸಿಲ ತಾಪ ಅಂತಲೇ ನಂಬಿದ್ರು! ಅದೇ ದೇಶದ ಚಾರ್ಲ್ಸ್ ಬ್ಲಾಕ್ಲಿ ಅನ್ನೋರಿಗೂ ಇದೇ ಕಾಟ. ಅವರು ಹುಲ್ಲಿನ ಹೂವಿನ ಪರಾಗವನ್ನ ತಮ್ಮ ಮೈಮೇಲೇ ಪ್ರಯೋಗ ಮಾಡಿ ನೋಡ್ಕೊಂಡು, ಇದು ಬಿಸಿಲಿಂದಲ್ಲ, ಪರಾಗದಿಂದ ಅಂತ 1873ರಲ್ಲಿ ಪುಸ್ತಕ ಬರೆದ್ರು. 'ಅಲರ್ಜಿ' ಅನ್ನೋ ಪದ ಹುಟ್ಟಿದ್ದು ಇನ್ನೂ ಆಮೇಲೆ, 1906ರಲ್ಲಿ. ವಿಯೆನ್ನಾದ ಮಕ್ಕಳ ಡಾಕ್ಟ್ರು ಪಿರ್ಕೆ ಕೊಟ್ಟ ಹೆಸರು. ಧೂಳು, ಪರಾಗದಂಥ ಸಾಧುವಾದ ವಸ್ತುವನ್ನೇ ಮೈ ಶತ್ರು ಅಂದ್ಕೊಂಡು ಜಗಳಕ್ಕೆ ನಿಲ್ತದೆ. ಆ ಜಗಳದಲ್ಲಿ ಹಿಸ್ಟಮಿನ್ ಅನ್ನೋ ರಸ ಕಣ್ಣಿನ ಪೊರೆಯೊಳಗೆ ಚೆಲ್ಲಿ ತುರಿಕೆ, ಕೆಂಪು, ನೀರು ಎಲ್ಲಾ ಬತ್ತದೆ. ಇಷ್ಟೇ ಅಲರ್ಜಿ.

ನಮ್ಮ ಕಡೆ ಇದಕ್ಕೆ ಇನ್ನೊಂದು ನೆಂಟ ಸೇರ್ಕೊಂಡ: ಕಾಂಗ್ರೆಸ್ ಗಿಡ. ಪಾರ್ಥೇನಿಯಂ ಅಂತಾರಲ್ಲ, ಬಿಳೀ ಹೂವಿನದು. ಹೊರದೇಶದಿಂದ ತರಿಸಿದ ಗೋಧಿ ಜೊತೆ ಬಂತು ಅಂತಾರೆ. 1950ರ ದಶಕದಲ್ಲಿ ಪುಣೆ ಹತ್ರ ಕಾಣಿಸ್ಕೊಂಡು, ನಾನು ಲಂಗ ಹಾಕೋ ವಯಸ್ಸಿಗೆ ಕಪಿಲಾ ದಂಡೆ, ರೈಲು ಹಳಿ, ತಿಪ್ಪೆ ಎಲ್ಲೆಲ್ಲೂ ಅದೇ. ಅದರ ಪರಾಗಕ್ಕೆ ಮೂಗು, ಕಣ್ಣು, ಕೆಲವರಿಗೆ ಮೈಯೆಲ್ಲಾ ಉರಿ. ಅದನ್ನ ತಿನ್ನಲಿ ಅಂತ ಮೆಕ್ಸಿಕೋ ದೇಶದ ದುಂಬಿ ತರಿಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ರು. ದುಂಬಿ ತಿಂದದ್ದು ತಿಂತು, ಗಿಡ ಇನ್ನೂ ಇದೆ.

ಈಗ ನಮ್ಮ ಮನೆ ಕತೆ. ನನ್ನ ತಂಗಿಯನ್ನ ತಿ. ನರಸೀಪುರಕ್ಕೆ ಕೊಟ್ಟಿರೋದು. ಅವಳ ಮಗನಿಗೆ ಆರು ತುಂಬಿದ ಬೇಸಿಗೇಲಿ ಕಣ್ಣು ತುರಿಕೆ ಶುರುವಾಯ್ತು. ಮದ್ರಾಸ್ ಐ ಅಂತ ಹೆದರಿ ಬೇರೆ ಚಾಪೆ, ಬೇರೆ ಟವಲ್ ಮಾಡಿದ್ವಿ. ಮನೇಲಿ ಇನ್ಯಾರಿಗೂ ಅಂಟಲಿಲ್ಲ. ಮುಂದಿನ ವರ್ಷ ಅದೇ ತಿಂಗಳಿಗೆ ಮತ್ತೆ ಬಂತು. ಆಗ ನಾನೇ ಒಂದು ಮೆಡಿಕಲ್ ಸ್ಟೋರಲ್ಲಿ ಕೇಳಿ ಒಂದು ಬಾಟ್ಲಿ ಡ್ರಾಪ್ಸ್ ಒಯ್ದುಕೊಟ್ಟೆ. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯ್ತು. "ದೊಡ್ಡವ್ವನ ಡ್ರಾಪ್ಸು" ಅಂತಲೇ ಹೆಸರಾಯ್ತು. ಖಾಲಿ ಬಾಟ್ಲಿ ತೋರ್ಸೋದು, ಹೊಸದು ತರೋದು. ಹಿಂಗೇ ಮೂರು ವರ್ಷ.

ಆಮೇಲೆ ಹುಡುಗ ಬಾಗಿಲಿಗೆ ಭುಜ ತಗುಲಿಸ್ಕೊಳ್ಳಕ್ಕೆ ಶುರು ಮಾಡ್ದ. ಮೈಸೂರಿನ ದೊಡ್ಡಾಸ್ಪತ್ರೇಲಿ ಕಣ್ಣಿನ ಡಾಕ್ಟ್ರಮ್ಮ ನೋಡಿ ಮೊದಲು ಕೇಳಿದ್ದೇ "ಯಾವ ಡ್ರಾಪ್ಸ್ ಹಾಕ್ತಿದ್ರಿ?" ಅಂತ. ಅದು ಸ್ಟೀರಾಯ್ಡ್. ಕಣ್ಣೊಳಗಿನ ಒತ್ತಡ ಏರಿ ನರಕ್ಕೆ ಪೆಟ್ಟಾಗಿತ್ತು. ಗ್ಲಾಕೋಮಾ ಅಂತಾರೆ. ಎಡಗಣ್ಣಿನ ಪಕ್ಕದ ನೋಟ ಹೋಗಿತ್ತು. ಹೋದ ನೋಟ ತಿರುಗಿ ಬರಲ್ಲ ಅಂದ್ರು. ನನ್ನ ತಂಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ರೇ ಚೆನ್ನಾಗಿತ್ತು.

ಸ್ಟೀರಾಯ್ಡ್ ಕೆಟ್ಟ ಔಷಧಿ ಅಲ್ಲ ಕಣ್ರವ್ವಾ. 1948ರಲ್ಲಿ ಅಮೆರಿಕದಲ್ಲಿ ಕೀಲುವಾತದವರಿಗೆ ಮೊದಲು ಕೊಟ್ಟಾಗ ಹಾಸಿಗೆ ಹಿಡಿದೋರು ಎದ್ದು ಓಡಾಡಿದ್ರು, 1950ರಲ್ಲಿ ನೊಬೆಲ್ ಬಂತು. ಆದರೆ ಅದೇ ದಶಕದಲ್ಲೇ, ಹೆಚ್ಚು ದಿನ ಕಣ್ಣಿಗೆ ಹಾಕಿದ್ರೆ ಒತ್ತಡ ಏರ್ತದೆ ಅಂತ ಕಣ್ಣಿನ ಡಾಕ್ಟ್ರುಗಳಿಗೆ ಗೊತ್ತಾಗಿತ್ತು. ಪೊರೆನೂ ಬರಬಹುದು. ಅದಕ್ಕೇ ಬೇಕಾದಾಗ ಕೆಲವೇ ದಿನ ಬರೆದು, ಒತ್ತಡ ಅಳೀತಾರೆ. ನಿತ್ಯಕ್ಕೆ ಬೇರೆ ಡ್ರಾಪ್ಸ್ ಇವೆ. ಹಿಸ್ಟಮಿನ್ ತಡೆಯೋ ದಾರಿ 1937ರಲ್ಲೇ ಸಿಕ್ಕಿತ್ತು, ಅದರ ಮೊಮ್ಮಕ್ಕಳಂಥವು. ಕೆಲವು ನಿಧಾನ, ತುರಿಕೆ ಕಾಲಕ್ಕೆ ಮುಂಚೆಯೇ ಶುರು ಮಾಡಬೇಕು. ನಮಗೆ ಆ ತಾಳ್ಮೆ ಇರಲಿಲ್ಲ.

ಹಂಗಾಗಿ ನೆನಪಿಡಿ. ಎರಡೂ ಕಣ್ಣು ತುರಿಕೆ, ಪ್ರತಿ ವರ್ಷ ಅದೇ ಕಾಲಕ್ಕೆ ಬರೋದು, ದಾರದಂಗೆ ಎಳೆಯೋ ಪಿಸುರು, ಜೊತೆಗೆ ಸೀನೋ ಉಬ್ಬಸವೋ ಇದ್ರೆ ಅಲರ್ಜಿ ಇರಬಹುದು. ಅದು ಅಂಟಲ್ಲ. ಗಂಡೈಕ್ಳಿಗೆ ಹೆಚ್ಚು, ದೊಡ್ಡೋರಾಗ್ತಾ ಬಹಳ ಜನಕ್ಕೆ ಕಮ್ಮಿಯಾಗ್ತದೆ. ಉಜ್ಜಕ್ಕೆ ಬಿಡಬೇಡಿ, ಉಜ್ಜಿ ಉಜ್ಜಿ ಕರಿಗುಡ್ಡೆ ಮೇಲಿನ ಗಾಜಿನಂಥ ಪದರ ತೆಳ್ಳಗಾಗಿ ಮುಂದಕ್ಕೆ ಚೂಪಾಗ್ತದೆ. ಆಡಿ ಬಂದ ಮೇಲೆ ಮುಖ ತೊಳೆಸಿ, ಮುಚ್ಚಿದ ರೆಪ್ಪೆ ಮೇಲೆ ತಣ್ಣೀರು ಬಟ್ಟೆ ಮಡಗಿ. ಅಜ್ಜಿ ಹೂವಿನ ತಂಪು ನಿಜವೇ, ಆದರೆ ಹಾಲು, ಎಣ್ಣೆ ಕಣ್ಣೊಳಕ್ಕೆ ಬೇಡ. ನೋವಿದ್ರೆ, ಬೆಳಕು ನೋಡಕ್ಕಾಗದಿದ್ರೆ, ಮಂಜಾದ್ರೆ ಅವತ್ತೇ ಕಣ್ಣಿನ ಡಾಕ್ಟ್ರ ತಾವ ಹೋಗಿ.

ಹುಡುಗ ಈಗ ಕೆಲಸಕ್ಕೆ ಹೋಗ್ತಾನೆ. ರಸ್ತೆ ದಾಟುವಾಗ ಎಡಗಡೆಗೆ ಪೂರ್ತಿ ತಲೆ ತಿರುಗಿಸಿ ನೋಡ್ತಾನೆ. ಪ್ರತಿ ಸಲ ಅದನ್ನ ನೋಡ್ತೀನಿ ನಾನು. ಇವತ್ತು ಸಂಜೆ ನಿಮ್ಮ ಬೀರು ತೆಗೆದು ಹಳೇ ಡ್ರಾಪ್ಸ್ ಬಾಟ್ಲಿ ಇದ್ರೆ ಎಸೆದುಬಿಡಿ.