ಬೀಸುಕಲ್ಲಿನ ಮುಂದ ಇಳಿಸಿದ ಭಾರ

ನಮ್ಮವ್ವ ಮಂದಿ ಮುಂದ ಅತ್ತದ್ದು ನಾ ನೋಡಿಲ್ಲ. ನನ್ನ ಹಿಂದ ಹುಟ್ಟಿದ ತಮ್ಮ ಎಳೆಗೂಸಿದ್ದಾಗನ ತೀರಿಕೊಂಡ. ಹಗಲಿನ್ಯಾಗ ಆಕಿ ಅವನ ಹೆಸರು ಎತ್ತತಿದ್ದಿಲ್ಲ. ನಸುಕಿನ್ಯಾಗ ಬೀಸುಕಲ್ಲಿನ ಮುಂದ ಕುಂತು ತೊಟ್ಟಿಲ ಪದ ಹಾಡುವಾಗ ಮಾತ್ರ ದನಿ ನಡುಗ್ತಿತ್ತು. ಜ್ವಾಳ ಮುಗಿಯೂದ್ರಾಗ ದನಿ ತಿಳಿಯಾಗಿ, ಎದ್ದು ರೊಟ್ಟಿ ಬಡಿಯಾಕ ಹೋಗ್ತಿದ್ಲು.

ಇದು ನಮ್ಮವ್ವಂದು ಒಬ್ಬಾಕಿದಲ್ರಿ, ನಮ್ಮ ಜಿಲ್ಲಾದ ಹೆಣ್ಮಕ್ಕಳ ಇತಿಹಾಸ. ಆಗ ಇಂಡಿ ತಾಲೂಕಿನ್ಯಾಗಿದ್ದ ಹಲಸಂಗಿಯ ಗೆಳೆಯರು ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇಂಥ ಪದಗಳನ್ನ ಹೆಣ್ಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ್ರು. 1931ರಾಗ ‘ಗರತಿಯ ಹಾಡು’ ಪುಸ್ತಕ ಬಂತು. ತವರು, ಅಣ್ಣತಮ್ಮರು, ಗಂಡ, ಕೂಸು, ಮಕ್ಕಳಿಲ್ಲದ ಸಂಕಟ, ಎಲ್ಲಾ ಮೂರು ಮೂರು ಸಾಲಿನ ತ್ರಿಪದಿಯೊಳಗ ಐತಿ. ಕೂಡಿಸಿದವರ ಹೆಸರು ಉಳದಾವು. ಪದ ಕಟ್ಟಿದಾಕಿ ಯಾರು ಅಂತ ಯಾರಿಗೂ ಗೊತ್ತಿಲ್ಲ.

ಕಲ್ಲಿನ ಮುಂದನ ಯಾಕ ಹಾಡಿದ್ರು? ಮನ್ಯಾಗ ಎಲ್ಲಾರೂ ಮಲಗಿರ್ತಿದ್ರು. ಗರಗರ ಸಪ್ಪಳದಾಗ ದನಿ ಮುಚ್ಚಿ ಹೋಗ್ತಿತ್ತು. ಎದುರಿಗೆ ಗೂಟ ಹಿಡಿದಾಕಿ ನೆಗೆಣ್ಣಿನೋ ನೆರೆಮನಿಯಾಕಿನೋ, ಆಕಿಗೂ ಅದ ದುಃಖ. ಆಕಿ ಸಮಾಧಾನ ಹೇಳ್ತಿದ್ದಿಲ್ಲ, ಮುಂದಿನ ಸಾಲಿಗೆ ದನಿಗೂಡಸ್ತಿದ್ಲು. ಅತ್ತಿ ಕೇಳಿದ್ರೂ ಸಿಟ್ಟಾಗುವಂಗಿಲ್ಲ. ಅದು ದೂರಲ್ಲ, ಪದ! ರಟ್ಟಿ ದುಡೀತಿತ್ತು, ಎದಿ ಹಗುರಾಗ್ತಿತ್ತು.

ಆಮ್ಯಾಲೆ ಊರೂರಿಗೆ ಗಿರಣಿ ಬಂತು. ನಮ್ಮ ಬೆನ್ನು, ರಟ್ಟಿ ಉಳಿದವು; ಅದನ್ನ ನಾ ತೆಗಳೂದಿಲ್ಲ. ಆದ್ರ ಕಲ್ಲು ಮೂಲಿಗೆ ಹೋದಮ್ಯಾಲೆ ಅಳಾಕ ಇದ್ದ ಒಂದು ಜಾಗಾನೂ ಹೋತು. ಲಗ್ನಾಗಿ ಬಂದ ಹೊಸದಾಗಿ ನಾ ನನ್ನ ಸಿಟ್ಟು ಭಾಂಡೆ ಮ್ಯಾಲೆ ತೀರಿಸಿಕೊಂಡೆ. ಒಂದಿನ ಸಣ್ಣ ಮಗನ ಬೆನ್ನ ಮ್ಯಾಲೆ ನನ್ನ ಐದೂ ಬೆರಳು ಮೂಡಿದವು. ಅವ ಮಾಡಿದ ತಪ್ಪೇನೂ ಇರಲಿಲ್ಲ. ಅದು ಇವತ್ತಿಗೂ ಚುಚ್ಚತೈತಿ.

ಅವತ್ತಿಂದ ಬಾಜೂಮನಿ ಅಕ್ಕಾರ ಜೋಡಿ ದಿನಾ ಸಂಜಿಗೆ ಶೇಂಗಾ ಸುಲಿಯೂದು, ಅಕ್ಕಿ ಆರಿಸೂದು ಹಚ್ಚಿಕೊಂಡೆ. ಕೈ ಒಂದು ಕಡೆ, ಬಾಯಿ ಒಂದು ಕಡೆ. ಯಾರೂ ಇಲ್ಲದಾಗ ಹಳೇ ನೋಟಬುಕ್ಕಿನ್ಯಾಗ ಬರದು ಹರದು ಹಾಕ್ತೀನಿ.

ಹೋದ ತಿಂಗಳಿಂದ ನನ್ನ ಸೊಸಿ ಭಾಳ ಸುಮ್ಮಗಾಗಿದ್ಲು. “ಏನಾತು?” ಅಂತ ನಾ ಕೇಳಲಿಲ್ಲ. “ಬಾ ಯವ್ವಾ, ಈ ಶೇಂಗಾ ಸುಲಿಯೂಣು” ಅಂದೆ. ಅರ್ಧ ಮರ ಸುಲಿಯೂದ್ರಾಗ ಆಕಿ ಮಾತು ಚಾಲೂ ಆತು. ನಾ ಬರೇ “ಹೂಂ” ಅಂದೆ.